ಕಸ ಹೊರಗೆ ಹೋಗದ ಮನೆ

ವೆಸ್ಟ್ ಮಾಂಬಲಂನ ನಮ್ಮ ಮನೆಗೆ ಯಾರು ಬಂದರೂ ಅಪ್ಪ ಅವರನ್ನು ಮೊದಲು ಹಿಂದಿನ ಬಾಲ್ಕನಿಗೆ ಕರೆದೊಯ್ಯುತ್ತಿದ್ದರು. ಬಂದವರು ಚಪ್ಪಲಿ ಬಿಟ್ಟು, ಇನ್ನೂ ಕುಳಿತಿರುವುದಿಲ್ಲ, ಅಷ್ಟರಲ್ಲಿ ಹಾಲ್ ದಾಟಿಸಿ, ನಮ್ಮ ಅಜ್ಜಿ, ಪಾಟಿಯ ಮಂಚದ ಪಕ್ಕದಲ್ಲಿ ಮೈ ಓರೆ ಮಾಡಿ ನುಸುಳಿಸಿ, ಅಡುಗೆಮನೆಯಲ್ಲಿ ಒಲೆಯ ಮುಂದಿದ್ದ ಅಮ್ಮನನ್ನು ಗೋಡೆಗೆ ಸರಿಯುವಂತೆ ಮಾಡಿ, ಆ ಕಿರಿದಾದ ಬಾಲ್ಕನಿಗೆ ತಲುಪಿಸುತ್ತಿದ್ದರು. ಅಲ್ಲಿ ನನ್ನ ಸೊಂಟದೆತ್ತರದ ಎರಡು ಮಣ್ಣಿನ ಬಾನಿಗಳಿದ್ದವು. ಸುತ್ತ ತೂತು ಕೊರೆದು, ಬಾಯಿಗೆ ಗೋಣಿ ಹೊದಿಸಿದ ಬಾನಿಗಳು. ಅಡುಗೆಮನೆಯ ಸಿಪ್ಪೆ, ಕಾಫಿ ಚರಟ, ಬಾಡಿದ ಹೂವು ಎಲ್ಲವೂ ಅದರೊಳಗೆ ಬಿದ್ದು ಕಪ್ಪು ಮಣ್ಣಾಗುತ್ತಿತ್ತು. ಅಪ್ಪ ಗೋಣಿ ಸರಿಸಿ, ಬಾಗಿ, ಜೋರಾಗಿ ಉಸಿರೆಳೆದು ತೋರಿಸುತ್ತಿದ್ದರು.

"ವಾಸನೆ ಇದೆಯಾ? ನೋಡಿ, ನೀವೂ ನೋಡಿ. ನಮ್ಮ ಮನೆಯಿಂದ ಕುಪ್ಪೆ ಹೊರಗೇ ಹೋಗಲ್ಲ ಸಾರ್."

ಕಸವನ್ನು ಅಪ್ಪ ಕುಪ್ಪೆ ಎನ್ನುತ್ತಿದ್ದರು, ಅಮ್ಮ ಕಸ ಎನ್ನುತ್ತಿದ್ದಳು. ಅಪ್ಪನ ಕಡೆಯವರು ತಲೆಮಾರುಗಳಿಂದ ಮದ್ರಾಸಿನಲ್ಲೇ ಇದ್ದವರು. ಅವರ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು ಸೇರಿಹೋಗಿತ್ತು. ಅಪ್ಪನ ತಾಯಿಯನ್ನು ನಾನೂ ಅಣ್ಣ ಮುರಳಿಯೂ ಅಕ್ಕಪಕ್ಕದ ಮಕ್ಕಳ ಹಾಗೆ ಪಾಟಿ ಎಂದೇ ಕರೆಯುತ್ತಿದ್ದೆವು. ಅಮ್ಮ ನಂಜನಗೂಡಿನಿಂದ ಮದುವೆಯಾಗಿ ಬಂದವಳು. ನಾವು ಅಜ್ಜಿ ಎನ್ನಲಿ ಎಂದು ಅವಳಿಗೆ ಆಸೆಯಿತ್ತು. ಕೆಲವು ವರ್ಷ ತಿದ್ದಿ ನೋಡಿ ಸುಮ್ಮನಾದಳು. ಮುರಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಉತ್ತರ ತಮಿಳಿನಲ್ಲೇ ಬರುತ್ತಿತ್ತು. ಮನೆಯ ಹಿಂದೆ ಎರಡು ಗಲ್ಲಿ ಆಚೆ ಸ್ಟೇಷನ್. ಲೋಕಲ್ ಟ್ರೈನ್ ಹಾದುಹೋಗುವಾಗಲೆಲ್ಲ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಸ್ಟ್ಯಾಂಡಿನಲ್ಲಿ ಸಣ್ಣಗೆ ನಡುಗುತ್ತಿದ್ದವು. ಆ ಸದ್ದು ಕೇಳಿದರೆ ಮಾತ್ರ ಅಮ್ಮನಿಗೆ ಗಂಟೆ ಎಷ್ಟಾಯಿತೆಂದು ತಿಳಿಯುತ್ತಿತ್ತು, ಏಕೆಂದರೆ ಗಡಿಯಾರ ಇದ್ದ ಹಾಲಿಗೆ ಬೆಳಗಿನ ಹೊತ್ತು ಅವಳು ಬರುತ್ತಲೇ ಇರಲಿಲ್ಲ.

ಅಪ್ಪ ಢೋಂಗಿಯಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಅವರಿಗೆ, ಅಲ್ಲಿ ಯಾರೋ ಬಂದು ಮಾಡಿದ ಒಂದು ಭಾಷಣದಿಂದ ಈ ಹುರುಪು ಹತ್ತಿತು. ನಗರದ ಕಸ ಎಲ್ಲಿ ಹೋಗುತ್ತದೆ, ಅಂತರ್ಜಲ ಎಷ್ಟು ಕೆಳಗಿಳಿದಿದೆ ಎಂದು ಕೇಳಿ ಬಂದ ದಿನ ಅವರಿಗೆ ಊಟ ಸೇರಲಿಲ್ಲ. ಮಾರನೆಯ ಭಾನುವಾರವೇ ಬಾನಿಗಳು ಬಂದವು. ಆಮೇಲೆ ಒಂದೊಂದಾಗಿ ನಿಯಮಗಳು ಬಂದವು. ಅಂಗಡಿಯಿಂದ ಪ್ಲಾಸ್ಟಿಕ್ ಕವರ್ ತರಬಾರದು. ಎಣ್ಣೆಗೆ ಕ್ಯಾನ್, ಇಡ್ಲಿ ಹಿಟ್ಟಿಗೆ ಡಬ್ಬಿ ಮನೆಯಿಂದಲೇ ಹೋಗಬೇಕು. ಹಾಲಿನ ಪ್ಯಾಕೆಟ್ಟನ್ನು ಸೀಳಿ, ತೊಳೆದು, ಹಗ್ಗದ ಮೇಲೆ ಒಣಗಿಸಿ, ಹಳೇ ಪೇಪರಿನವನಿಗೆ ಕೊಡಬೇಕು. ಪಾತ್ರೆಗೆ ಹುಣಸೆಹಣ್ಣು ಮತ್ತು ಸೀಗೆಪುಡಿ. ಆ ವರ್ಷಗಳಲ್ಲಿ ಮಳೆ ಕೈಕೊಟ್ಟು ಊರಿಗೆ ಊರೇ ಲಾರಿ ನೀರಿಗೆ ಕಾಯುತ್ತಿದ್ದಾಗ ನೀರಿನ ನಿಯಮಗಳೂ ಸೇರಿಕೊಂಡವು. ಅಕ್ಕಿ ತೊಳೆದ ನೀರಿನಲ್ಲಿ ಸೊಪ್ಪು, ಸೊಪ್ಪು ತೊಳೆದ ನೀರಿನಲ್ಲಿ ಮುಸುರೆ ಪಾತ್ರೆಯ ಮೊದಲ ತೊಳೆತ, ಬಟ್ಟೆ ಜಾಲಿಸಿದ ನೀರು ಕಕ್ಕಸಿಗೆ. ಬಚ್ಚಲುಮನೆಯಲ್ಲಿ ಬಕೆಟ್‌ಗಳು ಸಾಲಾಗಿ ನಿಂತಿದ್ದವು. ಯಾವ ಬಕೆಟ್ ಯಾವುದಕ್ಕೆ ಎಂದು ಅಮ್ಮನಿಗೆ ಮಾತ್ರ ಗೊತ್ತಿತ್ತು. ಬಾನಿಯನ್ನು ದಿನವೂ ಕದಡುವವಳೂ ಅವಳೇ. ಒಣಗಿದ ಎಲೆಯನ್ನು ಪುಡಿ ಮಾಡಿ ಉದುರಿಸಿ, ಹುಳಿ ಮಜ್ಜಿಗೆ ಚಿಮುಕಿಸಿ, ಭುಜದವರೆಗೆ ಕೈ ಇಳಿಸಿ ಕೆಳಗಿನದನ್ನು ಮೇಲಕ್ಕೆ ತರಬೇಕು. ಒಂದು ದಿನ ಬಿಟ್ಟರೂ ನಾತ ಶುರುವಾಗುತ್ತಿತ್ತು. ಬಂದವರು ಮೂಸಿ ನೋಡಿ ತಲೆದೂಗುತ್ತಿದ್ದರಲ್ಲ, ಆ ವಾಸನೆಯಿಲ್ಲದ ಬಾನಿಯ ಹಿಂದೆ ಇದ್ದದ್ದು ಇಷ್ಟು.

ಪಾಟಿಗೆ ಬಾನಿ ಕಂಡರೆ ಆಗುತ್ತಿರಲಿಲ್ಲ. ಮಡಿಯ ಹೆಂಗಸು. ಎಂಜಲು, ಮುಸುರೆ ಮನೆಯೊಳಗೇ ಕೊಳೆಯುತ್ತದೆ ಎನ್ನುವುದು ಅವಳಿಗೆ ಸಹಿಸಲಾಗದ ಸಂಗತಿ.

"ಜನ ಎಲ್ಲಾ ಕುಪ್ಪೆತೊಟ್ಟಿಗೆ ಹಾಕಿ ಬರ್ತಾರೆ. ನೀನು ಕುಪ್ಪೆತೊಟ್ಟಿನೇ ತಂದು ಮನೇಲಿ ಇಟ್ಯಲ್ಲೋ" ಎಂದು ಅಪ್ಪನನ್ನು ಬೈಯುತ್ತಿದ್ದಳು. ಬಾಲ್ಕನಿಯ ಬಾಗಿಲು ದಾಟಿದವರು ಕೈಕಾಲು ತೊಳೆಯದೆ ಅವಳ ಮಂಚದ ಹತ್ತಿರ ಬರುವಂತಿರಲಿಲ್ಲ. ಹಾಗಾಗಿ ಅಮ್ಮ ಬಾನಿ ಕದಡಿದ ಮೇಲೆ ಇನ್ನೊಂದು ಸಲ ಸ್ನಾನ ಮಾಡಿ ಒಲೆ ಹಚ್ಚಬೇಕಿತ್ತು. ಆ ಸ್ನಾನಕ್ಕೂ ಅರ್ಧ ಬಕೆಟ್ಟೇ.

ಬಡಾವಣೆಯ ಮನೆಮನೆಗೆ ಹಂಚುತ್ತಿದ್ದ ಒಂದು ವಾರಪತ್ರಿಕೆಯಲ್ಲಿ ನಮ್ಮ ಮನೆಯ ವಿಷಯ ಬಂತು. ಆಮೇಲೆ ಅಪ್ಪ ಭಾನುವಾರ ತಾರಸಿಯ ಮೇಲೆ ಬೀದಿಯವರನ್ನು ಸೇರಿಸಿ ಮಾತಾಡತೊಡಗಿದರು. ಚೆನ್ನಾಗಿ ಮಾತಾಡುತ್ತಿದ್ದರು. ಕಚೇರಿಯಲ್ಲಿ ಯಾರೂ ಕಿವಿಗೊಡದ ಮನುಷ್ಯನ ಮಾತನ್ನು ಇಷ್ಟು ಜನ ಕೇಳುತ್ತಿದ್ದಾರೆ ಎನ್ನುವುದು ಅವರ ಮುಖದಲ್ಲಿ ಕಾಣುತ್ತಿತ್ತು. ಆ ಮುಖ ನೋಡಲು ನನಗೆ ತುಂಬ ಇಷ್ಟ. ಅಮ್ಮ ಕಾಫಿಯ ತಟ್ಟೆ ಹಿಡಿದು ಮೆಟ್ಟಿಲ ಬಾಗಿಲಲ್ಲಿ ನಿಂತಿರುತ್ತಿದ್ದಳು, ಮಾತು ಮುಗಿಯಲಿ ಎಂದು.

ನಾನು ಎಂಟನೇ ತರಗತಿಗೆ ಬಂದ ವರ್ಷ, ಒಂದು ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ ಸಾರು ಬಡಿಸುತ್ತಲೇ ಹೇಳಿದಳು.

"ಅಡ್ಯಾರ್ ಆಚೆ ಒಂದು ಸ್ಕೂಲಲ್ಲಿ ಗಣಿತಕ್ಕೆ ಟೀಚರ್ ಬೇಕಂತೆ. ಹೋಗಿ ಮಾತಾಡ್ಕೊಂಡು ಬಂದೆ. ಸೋಮವಾರದಿಂದ ಬನ್ನಿ ಅಂದಿದಾರೆ."

ಅಮ್ಮ ಬಿ.ಎಡ್. ಮಾಡಿದ್ದಾಳೆ ಎನ್ನುವುದು ನಮಗೆಲ್ಲ ಗೊತ್ತಿತ್ತು, ಆದರೆ ಅದು ಅವಳ ಮದುವೆಯ ರೇಷ್ಮೆ ಸೀರೆಯ ಹಾಗೆ ಬೀರುವಿನಲ್ಲಿ ಮಡಿಸಿಟ್ಟ ವಿಷಯವಾಗಿತ್ತು. ಪಾಟಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

"ಬೆಳಗ್ಗೆ ಎಷ್ಟು ಗಂಟೆಗೆ ಕಿಳಂಬಬೇಕು?"

"ಆರೂವರೆಗೆ ಹೊರಡಬೇಕು ಅತ್ತೆ. ಅಡುಗೆ ಮಾಡಿಟ್ಟೇ ಹೋಗ್ತೀನಿ."

ಅಪ್ಪ ಅನ್ನ ಕಲಸುತ್ತಿದ್ದರು. ಒಂದೇ ಮಾತು ಕೇಳಿದರು.

"ಬಾನಿ?"

"ಅದನ್ನ ನೀವು ನೋಡ್ಕೊಳ್ಳಿ."

ಅಪ್ಪ ತಲೆಯೆತ್ತಿ ನಮ್ಮನ್ನೆಲ್ಲ ನೋಡಿದರು. ನಗಲು ಪ್ರಯತ್ನಿಸಿದರು. "ನೋಡ್ಕೋತೀನಿ. ಅದೇನು ಅಷ್ಟು ಪೆರಿಯ ಕೆಲಸವಾ?"

ಒಂದು ವಾರ ನೋಡಿಕೊಂಡರು ಕೂಡ. ಪಂಚೆ ಎತ್ತಿ ಕಟ್ಟಿ, ಒಂದು ಕೋಲು ಹಿಡಿದು, ಮುಖ ತಿರುಗಿಸಿ ಕದಡುತ್ತಿದ್ದರು. ಕೋಲಿನಿಂದ ಕೆಳಗಿನದು ಮೇಲೆ ಬರುವುದಿಲ್ಲ. ನೀರೊಡೆದು, ನೊಣ ಎದ್ದವು. ಒಂದು ದಿನ ಆಫೀಸಿನ ಟ್ರೈನ್ ತಪ್ಪಿತು. ಅಂದು ಸಂಜೆ ನನ್ನನ್ನು ಹತ್ತಿರ ಕರೆದು, ತಲೆ ಸವರಿ, "ನಳಿನಿ, ನಿನಗೆ ಅಮ್ಮ ಮಾಡೋದು ತೆರಿಯುಮಲ್ಲ, ಗೊತ್ತಲ್ಲ? ನಾಳೆ ಒಂದು ದಿನ ಮಾಡಿಬಿಡಮ್ಮ" ಎಂದರು. ಮುರಳಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನು "ಎನಕ್ಕು ಟ್ಯೂಷನ್ ಇರುಕ್ಕು" ಎನ್ನುತ್ತಿದ್ದ. ಅವನು ಹತ್ತನೇ ತರಗತಿ. ಬೆಳಗಾಗುವ ಮೊದಲೇ ಟ್ಯೂಷನ್ನಿಗೆ ಸೈಕಲ್ ಹತ್ತುವುದು ನಿಜವೇ ಆಗಿತ್ತು.

ಒಂದು ದಿನ ಎಂದದ್ದು ಹಾಗೇ ಮುಂದುವರಿಯಿತು. ಅಮ್ಮ ಬಸ್ಸಿಗೆ ಓಡಿದ ಮೇಲೆ ನಾನು ಬಾಲ್ಕನಿಗೆ ಹೋಗುತ್ತಿದ್ದೆ. ಅವಳು ಮನೆಯಲ್ಲಿರುವ ರಜೆಯ ದಿನ ಮಾತ್ರ ಅಪ್ಪ ಕೋಲು ಹಿಡಿಯುತ್ತಿದ್ದರು. ಅಮ್ಮನ ಹಾಗೆಯೇ ಕೈ ಇಳಿಸಿ ಕದಡಿದೆ. ನಾತ ಹೋಯಿತು. ಬಕೆಟ್‌ಗಳ ಲೆಕ್ಕವೂ ನನಗೇ ಬಂತು, ಹಾಲಿನ ಪ್ಯಾಕೆಟ್ಟೂ ನನಗೇ ಬಂತು. ಪಾಟಿ ನನ್ನನ್ನೂ ಎರಡನೇ ಸಲ ಸ್ನಾನಕ್ಕೆ ಕಳಿಸುತ್ತಿದ್ದಳು. ಒದ್ದೆ ತಲೆಯಲ್ಲೇ ಜಡೆ ಹಾಕಿಕೊಂಡು ಶಾಲೆಗೆ ಓಡಿ, ಎರಡನೇ ಪೀರಿಯಡ್ಡಿಗೆ ಕಣ್ಣು ಎಳೆಯುತ್ತಿತ್ತು. ಆದರೆ ನನಗೆ ಬೇಸರವಿತ್ತು ಎಂದರೆ ಸುಳ್ಳಾಗುತ್ತದೆ. ಬಾನಿಯ ಅಡಿಯಲ್ಲಿ ಬೆಚ್ಚಗಿರುತ್ತಿತ್ತು. ನಿನ್ನೆ ಹಾಕಿದ ಬಾಳೆಸಿಪ್ಪೆ ಬೆರಳಿಗೆ ಸಿಕ್ಕಾಗ ಅರ್ಧ ಮಣ್ಣಾಗಿರುತ್ತಿತ್ತು. ತಾರಸಿಯ ಸಭೆಯಲ್ಲಿ ಅಪ್ಪ ಒಮ್ಮೆ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಈಗ ನಮ್ಮ ಮನೆಯಲ್ಲಿ ಇದನ್ನು ನಡೆಸುತ್ತಿರುವುದು ಮುಂದಿನ ತಲೆಮಾರು" ಎಂದು ತಮಿಳಿನಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಅಂದು ಕೆಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಆ ಚಪ್ಪಾಳೆಯ ಮೇಲೆ ನಾನು ಎಷ್ಟೋ ಬೆಳಗುಗಳನ್ನು ದೂಡಿದೆ.

ಅಮ್ಮನಿಗೆ ಗೊತ್ತಾದದ್ದು ಒಂದು ಶನಿವಾರ, ನನಗೆ ಎಣ್ಣೆ ಒತ್ತುವಾಗ. ಬೆರಳ ಸಂದಿಗೆ ಎಣ್ಣೆ ತಗುಲಿ ನಾನು ಕೈ ಎಳೆದುಕೊಂಡೆ. ಅವಳು ಕೈ ಹಿಡಿದು, ಬೆರಳು ಬಿಡಿಸಿ, ಬೆಳಕಿಗೆ ಹಿಡಿದಳು. ಚರ್ಮ ಸುಲಿದು ಕೆಂಪಾಗಿತ್ತು.

"ಇದೇನೇ ಇದು?"

"ಬಾನಿದು."

"ಬಾನಿ ಅಪ್ಪ ಅಲ್ವಾ ಮಾಡೋದು?"

ಮೇಜಿನ ಹತ್ತಿರ ಓದುತ್ತಿದ್ದ ಮುರಳಿ ತಲೆ ಎತ್ತದೆ, "ಅವದಾನ್ ಮಾ ಡೈಲಿ ಪಣ್ರಾ" ಎಂದ. ದಿನಾ ಮಾಡುವವಳು ಅವಳೇ, ಅಂತ. ಅವನಿಗೆ ಅದರಲ್ಲಿ ಹೇಳಬಾರದ್ದೇನೂ ಕಾಣಲಿಲ್ಲ.

ಅಮ್ಮ ನನ್ನ ತಲೆಗೆ ನೀರು ಹಾಕಿ, ಒರೆಸಿ, ಬೆರಳಿಗೆ ಕೊಬ್ಬರಿ ಎಣ್ಣೆ ಅರಿಶಿನ ಹಚ್ಚಿ ಕೂರಿಸಿದಳು. ಅಪ್ಪ ಬಟ್ಟೆ ಚೀಲದಲ್ಲಿ ತರಕಾರಿ ತಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಎದುರು ಹೋಗಿ ನಿಂತಳು.

"ನಿಮ್ಮ ಕೈಲಿ ಆಗದಿದ್ರೆ ಆಗಲ್ಲ ಅಂತ ನನಗೆ ಹೇಳಬಹುದಿತ್ತು."

"ಯಾಕೆ, ಏನಾಯ್ತು? ಅವಳಿಗೆ ಅದು ಇಷ್ಟ ಕಣೇ. ಬೇಕಾದರೆ ಅವಳನ್ನೇ ಕೇಳು."

"ನನಗೂ ಇಷ್ಟ ಅಂತಲೇ ಅಂದ್ಕೊಂಡಿದ್ರಿ ಇಷ್ಟು ವರ್ಷ. ಇಬ್ಬರು ಮಕ್ಕಳಿದಾರೆ ಮನೇಲಿ. ಇವಳ ಕೈ ಮಾತ್ರ ಯಾಕೆ ಕಂಡಿತು ನಿಮಗೆ?"

"ಅವನಿಗೆ ಟೆಂತ್."

"ಇವಳಿಗೂ ಬರುತ್ತೆ ಟೆಂತ್. ಆಗ ಬಾನಿ ಏನು ಅತ್ತೆ ಕದಡ್ತಾರಾ?"

ಮಂಚದ ಮೇಲಿದ್ದ ಪಾಟಿ "ರಾಮ ರಾಮ" ಎಂದು ಗೋಡೆ ಕಡೆ ತಿರುಗಿದಳು. ಅಪ್ಪ ತರಕಾರಿ ಚೀಲವನ್ನು ಕೆಳಗಿಟ್ಟರು.

"ಹಾಗಾದರೆ ಬಿಟ್ಟುಬಿಡೋಣವಾ? ತೆರುವಿಗೆಲ್ಲ, ಇಡೀ ಬೀದಿಗೆ ಉಪದೇಶ ಮಾಡಿ, ನಾವೇ ಕುಪ್ಪೆ ಕಟ್ಟಿ ಹಾಕೋದಾ? ನಾನು ಹೇಳ್ತಿರೋದರಲ್ಲಿ ತಪ್ಪೇನಿದೆ, ಹೇಳು."

"ಹೇಳಿದ್ದು ತಪ್ಪು ಅಂತ ಯಾರಂದ್ರು? ಮಾಡೋದು ಯಾರು ಅಂತ ಕೇಳ್ತಿದೀನಿ ಅಷ್ಟೇ. ನೀವು ಮಾಡಿ, ಮುರಳಿ ಮಾಡಲಿ, ನಾನೂ ಭಾನುವಾರ ಮಾಡ್ತೀನಿ. ಅಲ್ಲೀವರೆಗೆ ಇವಳು ಮುಟ್ಟಕೂಡದು."

ಮಾರನೆಯ ದಿನ ಅಮ್ಮ ಒಂದು ಪ್ಲಾಸ್ಟಿಕ್ ಡಬ್ಬ ತಂದಳು. ಅದರೊಳಗೆ ಕವರ್ ಹಾಸಿದಳು. ಬಾನಿಗಳು ಬಂದ ಮೇಲೆ ನಮ್ಮ ಮನೆಯಲ್ಲಿ ಅಂಥದೊಂದನ್ನು ನಾನು ನೋಡಿದ್ದು ಅದೇ ಮೊದಲು. ಸಂಜೆಯ ಹೊತ್ತಿಗೆ ಅದು ತುಂಬಿತು. ಇಷ್ಟೆಲ್ಲ ನಾವೇ ಮಾಡಿದ್ದೇ ಎಂದು ನನಗೆ ಆಶ್ಚರ್ಯವಾಯಿತು.

ಅದೇ ವಾರದ ಕೊನೆಗೆ ಒಂದು ಕಾಲೇಜಿನ ಹುಡುಗ ಹುಡುಗಿಯರು ನಮ್ಮ ಮನೆ ನೋಡಲು ಬರುವವರಿದ್ದರು. ಅಪ್ಪ ತಿಂಗಳ ಹಿಂದೆಯೇ ಒಪ್ಪಿಕೊಂಡಿದ್ದರು. ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಶನಿವಾರ ರಾತ್ರಿಯೇ ಬಾಲ್ಕನಿ ಗುಡಿಸಿದರು, ಬಾನಿಯ ಮೇಲ್ಗಡೆ ಒಣಮಣ್ಣು ಹರಡಿ, ಹೊಸ ಗೋಣಿ ಹೊದಿಸಿದರು. ಕಸದ ಡಬ್ಬವನ್ನು ಬಚ್ಚಲುಮನೆಯಲ್ಲಿ ಬಕೆಟ್‌ಗಳ ಹಿಂದೆ ಇಟ್ಟರು. ಅಮ್ಮ ನೋಡುತ್ತಿದ್ದಳು.

ವಿದ್ಯಾರ್ಥಿಗಳು ಬಂದರು. ಪಾಟಿಯ ಮಂಚದ ಪಕ್ಕದಲ್ಲಿ ಒಬ್ಬೊಬ್ಬರಾಗಿ ನುಸುಳಿ ಬಾಲ್ಕನಿ ತುಂಬ ನಿಂತರು. ಅಪ್ಪ ಎಂದಿನಂತೆಯೇ ಮಾತಾಡಿದರು, ಸ್ವಲ್ಪ ಬೇಗ ಬೇಗ. ಕನ್ನಡಕ ಹಾಕಿದ ಒಬ್ಬ ಹುಡುಗಿ ಕೇಳಿದಳು, ದಿನಾ ಇದನ್ನು ಯಾರು ಮಾಡುತ್ತಾರೆ ಅಂಕಲ್ ಎಂದು.

"ಎಲ್ಲರೂ ಸೇರಿ ಮಾಡ್ತೀವಿ. ಫ್ಯಾಮಿಲಿ ಎಫರ್ಟ್" ಎಂದರು ಅಪ್ಪ.

ಆಗ ಅಮ್ಮ ಕಾಫಿ ಬಸಿಯುವುದನ್ನು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಚ್ಚಲುಮನೆಗೆ ಹೋದಳು. ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಬಾಲ್ಕನಿಯ ಹೊಸ್ತಿಲಲ್ಲಿ ಇಟ್ಟಳು. ಅವಳ ತಮಿಳು ಯಾವಾಗಲೂ ಕನ್ನಡದ ಧಾಟಿಯದು. ಅಂದು ಇನ್ನೂ ನಿಧಾನವಾಗಿ, ತರಗತಿಯಲ್ಲಿ ಲೆಕ್ಕ ಬಿಡಿಸುವವಳ ಹಾಗೆ ಹೇಳಿದಳು.

"ಇದನ್ನೂ ನೋಡಿ. ಇದು ನಮ್ಮ ಮನೆಯ ಒಂದು ದಿನದ ಕಸ. ಮೊದಲು ನಾನು ಮಾಡ್ತಿದ್ದೆ. ನಾನು ಕೆಲಸಕ್ಕೆ ಹೋದ ಮೇಲೆ ನನ್ನ ಮಗಳು ಮಾಡಿದಳು. ಈಗ ಯಾರೂ ಮಾಡ್ತಿಲ್ಲ."

ಆ ಕನ್ನಡಕದ ಹುಡುಗಿಯೇ ಮತ್ತೆ ಕೇಳಿದಳು. "ಹಾಗಾದರೆ ಇದು ಮನೆಗಳಲ್ಲಿ ನಡೆಯಲ್ಲವಾ ಆಂಟಿ?"

"ನನಗೂ ಗೊತ್ತಿಲ್ಲಮ್ಮ" ಎಂದಳು ಅಮ್ಮ. "ನಿಮ್ಮ ಮನೆಗಳಲ್ಲಿ ಮಾಡಿ ನೋಡಿ. ಆದರೆ ನಿಮ್ಮ ಅಮ್ಮನ ಕೈಲಿ ಮಾಡಿಸಬೇಡಿ."

ಅಪ್ಪ ಗೋಣಿಯ ತುದಿ ಹಿಡಿದುಕೊಂಡು ಹಾಗೇ ನಿಂತಿದ್ದರು. ಅವರ ಕಿವಿಯ ತುದಿ ಕೆಂಪಾದದ್ದು ನನಗೆ ಕಾಣುತ್ತಿತ್ತು. ಅಮ್ಮನ ಮೇಲೆ ನನಗೆ ಅಂದು ಬಂದ ಸಿಟ್ಟನ್ನು ಈಗಲೂ ಮರೆತಿಲ್ಲ. ಅವಳು ನನ್ನ ಪರವಾಗಿಯೇ ಮಾತಾಡಿದ್ದಳು. ಆದರೂ ಚಪ್ಪಾಳೆಯ ಆ ಸಂಜೆಯನ್ನು ಯಾರೋ ಕಿತ್ತುಕೊಂಡ ಹಾಗೆ ಆಗಿ, ಮಹಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತೆ.

ತಾರಸಿಯ ಸಭೆಗಳು ನಿಂತವು. ಅಪ್ಪ ಕೆಲವು ವಾರ ಅಮ್ಮನೊಡನೆ ಬೇಕಾದ್ದಷ್ಟೇ ಮಾತಾಡಿದರು. ಆದರೆ ಒಂದು ಬೆಳಿಗ್ಗೆ ನಾನು ಏಳುವಾಗ ಬಾಲ್ಕನಿಯಿಂದ ಓಕರಿಸುವ ಸದ್ದು ಬಂತು. ಅಪ್ಪ ಕೋಲು ಬಿಟ್ಟು, ಕೈಯನ್ನೇ ಬಾನಿಗೆ ಇಳಿಸಿದ್ದರು. ಹುಳು ಮೊಣಕೈ ಹತ್ತಿತ್ತು. ಬಾಯಿ ಒರೆಸಿಕೊಂಡು ಮತ್ತೆ ಕೈ ಹಾಕಿದರು. ಅಮ್ಮ ಅಡುಗೆಮನೆಯಿಂದ ನೋಡಿ, ಮಜ್ಜಿಗೆಯ ಪಾತ್ರೆಯನ್ನು ಅವರ ಕೈಗೆಟುಕುವಲ್ಲಿ ಇಟ್ಟು ಬಸ್ಸಿಗೆ ಹೋದಳು. ಹೀಗೆ ಮಳೆಗಾಲದವರೆಗೂ ಅವರು ಮಾಡಿದರು. ಮುರಳಿ ಒಮ್ಮೆಯೂ ಮುಟ್ಟಲಿಲ್ಲ.

ಆ ವರ್ಷದ ಐಪ್ಪಸಿ ತಿಂಗಳಲ್ಲಿ, ದೀಪಾವಳಿಯ ಹೊತ್ತಿಗೆ ಬಂದ ಮಳೆ ಊರನ್ನೇ ಮುಳುಗಿಸಿತು. ವರ್ಷಗಟ್ಟಲೆ ಕೊಡ ಹಿಡಿದು ಕಾದಿದ್ದ ಜನ ಮೊಣಕಾಲು ನೀರಿನಲ್ಲಿ ನಡೆದರು. ಬಾವಿಗಳ ನೀರು ಕೈಗೆಟುಕುವಷ್ಟು ಮೇಲೆ ಬಂತು. ಪಾಟಿ ತಲೆ ಮೇಲೆ ತುಂಬ ನೀರು ಸುರಿದುಕೊಂಡು, "ಅಬ್ಬ, ಈಗ ಸ್ನಾನ ಮಾಡಿದ ಹಾಗಾಯ್ತು" ಎಂದಳು. ಬಕೆಟ್ಟಿನ ಸಾಲು ಕರಗಿತು. ಅಕ್ಕಿ ತೊಳೆದ ನೀರು ನೇರ ಮೋರಿಗೆ ಹೋಯಿತು. ಹೀಗೆ ಮಾಡಿ ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಯಾರೂ ಹೇಳಲಿಲ್ಲ. ಬಾನಿಗಳೊಳಗೆ ಮಳೆನೀರು ತುಂಬಿ, ಕಪ್ಪು ರಸ ಕೆಳಗಿನ ಮನೆಯ ಮಾಮಿ ಒಣಹಾಕಿದ್ದ ಬಿಳಿ ಪಂಚೆಗಳ ಮೇಲೆ ಸುರಿಯಿತು. ಆಕೆ ಮೆಟ್ಟಿಲು ಹತ್ತಿ ಬಂದು ಬಾಯಿಗೆ ಬಂದಂತೆ ಬೈದಳು. ಅಪ್ಪ ಕೈ ಮುಗಿದರು. ಬಾನಿಗಳನ್ನು ಮನೆಯಿಂದ ಕೆಳಗಿಳಿಸುವಾಗ ಒಂದು ಒಡೆಯಿತು. ಇನ್ನೊಂದನ್ನು ಗಿಡ ಮಾರುವವನೊಬ್ಬ ಒಯ್ದ. ಬಟ್ಟೆ ಚೀಲ ಹಿಡಿದು ಅಂಗಡಿಗೆ ಹೋಗುವುದನ್ನು, ಟ್ರೈನಿನಲ್ಲೇ ಓಡಾಡುವುದನ್ನು, ಅರ್ಧ ಬಕೆಟ್ ಸ್ನಾನವನ್ನು ಅಪ್ಪ ಕೊನೆಯವರೆಗೂ ಬಿಡಲಿಲ್ಲ. ಬೇರೆ ಯಾರಿಗೂ ಅದನ್ನು ಹೇಳಲೂ ಇಲ್ಲ.

ಈಗ ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಬಣ್ಣಬಣ್ಣದ ಕಸದ ಡಬ್ಬಗಳಿವೆ. ಸಭೆಯಲ್ಲಿ ಯಾರಾದರೂ ಎದ್ದು ನಿಂತು ಇನ್ನು ಮೇಲೆ ಎಲ್ಲರೂ ಹೀಗೆ ಮಾಡೋಣ ಎಂದರೆ ನಾನು ಕೈ ಎತ್ತುತ್ತೇನೆ, ಏಕೆಂದರೆ ಅವರು ಹೇಳುವುದು ಸರಿ. ಎತ್ತುವಾಗಲೇ ನನ್ನ ಕಣ್ಣು ಬಾಗಿಲ ಹತ್ತಿರ ಕಾಫಿಯ ತಟ್ಟೆ ಹಿಡಿದು ನಿಂತವರ ಕಡೆ ಹೋಗುತ್ತದೆ. ನಾಲ್ಕು ತಿಂಗಳಾದ ಮೇಲೆ ಎಲ್ಲ ಡಬ್ಬದಲ್ಲೂ ಎಲ್ಲವೂ ಬಿದ್ದಿರುತ್ತದೆ. ನನಗೆ ಆಶ್ಚರ್ಯವಾಗುವುದಿಲ್ಲ, ಸಮಾಧಾನವೂ ಆಗುವುದಿಲ್ಲ.

ಬಾನಿಗಳು ಹೋದ ಮೇಲಿನ ಬೇಸಿಗೆಯ ಒಂದು ಸಂಜೆ ಅಮ್ಮ ಶಾಲೆಯಿಂದ ಬಂದು ಹೊಸ್ತಿಲಲ್ಲೇ ಕೆಮ್ಮುತ್ತ ನಿಂತಳು. ಅವಳ ಸೀರೆಯಿಂದ ಸುಟ್ಟ ರಬ್ಬರಿನಂಥ ವಾಸನೆ ಬರುತ್ತಿತ್ತು. ಪಾಟಿ ಮೂಗು ಮುಚ್ಚಿಕೊಂಡು ಏನೇ ಇದು ಎಂದಳು.

"ನಮ್ಮ ಸ್ಕೂಲಿಂದ ಸ್ವಲ್ಪ ದೂರದಲ್ಲಿ ಊರಿನ ಕಸ ಎಲ್ಲಾ ಸುರೀತಾರೆ ಅತ್ತೆ. ಬೆಂಕಿ ಬಿದ್ದಿದೆ. ಗಾಳಿ ಈ ಕಡೆ ತಿರುಗಿದರೆ ಹೊಗೆ ಕ್ಲಾಸೊಳಗೇ ಬರುತ್ತೆ. ಮಕ್ಕಳು ಕರ್ಚೀಫ್ ಕಟ್ಕೊಂಡು ಕೂತಿದ್ರು."

ಅಪ್ಪ ಓದುತ್ತಿದ್ದ ಪೇಪರ್ ಕೆಳಗಿಳಿಸಿದರು. ಅಮ್ಮ ಅವರನ್ನು ನೋಡಿ, ಮೆತ್ತಗೆ, "ನಮ್ಮನೇದೂ ಇರುತ್ತೆ ಅದರಲ್ಲಿ" ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಕಸದ ಕವರಿನ ಬಾಯಿ ಬಿಗಿದು, ಬಾಗಿಲ ಪಕ್ಕ ಇಟ್ಟು, ಬಸ್ಸಿಗೆ ಹೊರಟಳು. ಅವಳು ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ನಾನು ಕವರ್ ಬಿಚ್ಚಿದೆ. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಬಾನಿಯೂ ಇರಲಿಲ್ಲ. ಹಳೇ ಪೇಪರ್ ಹಾಸಿ ಬೀನ್ಸ್ ನಾರು, ಮಾವಿನ ಸಿಪ್ಪೆ, ಕಾಫಿ ಚರಟವನ್ನು ಬೇರೆ ತೆಗೆದಿಡುತ್ತಿದ್ದೆ. ಕೊಡೆ ಮರೆತ ಅಮ್ಮ ವಾಪಸು ಬಂದಳು. ಬಾಗಿಲಲ್ಲಿ ನಿಂತು ನನ್ನ ಕೈ ನೋಡಿದಳು.

"ಬೇಡ. ಎದ್ದು ಕೈ ತೊಳ್ಕೊ. ಓದೋಕೆ ಕೂತ್ಕೋ."

"ಮತ್ತೆ ಅಲ್ಲಿ ಹೊಗೆ ಬರುತ್ತಲ್ಲಮ್ಮ?"

"ಹೊಗೆ ನಾನು ಕುಡೀತೀನಿ" ಎಂದಳು ಅಮ್ಮ. "ನೀನು ಓದು."

ಬಗ್ಗಿ, ಪೇಪರಿನ ಮೇಲಿದ್ದದ್ದನ್ನೆಲ್ಲ ಬರಿಗೈಯಲ್ಲೇ ಬಾಚಿ ಕವರಿಗೆ ತುಂಬಿದಳು. ಬಾಯಿಗೆ ಇನ್ನೊಂದು ಗಂಟು ಹಾಕಿದಳು. ಬಸ್ಸಿಗೆ ಹೊತ್ತಾಗಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕಸ ಹಿಡಿದು ಅವಳು ಮೆಟ್ಟಿಲಿಳಿದು ಹೋದಳು.